ರಿಕ್ರಿಯೇಷನ್: ಒಂದು ಪದವಿಚಾರ

ಪರಭಾಷೆಗಳಿಂದ ಬಂದು ನಮ್ಮಲ್ಲಿ ನೆಲೆನಿಂತ ಮಾತುಗಳ ಪೈಕಿ ‘ರಿಕ್ರಿಯೇಷನ್’ ಎಂಬುದೂ ಒಂದು. ಅದಕ್ಕೆ ಕನ್ನಡದ ಉಡುಪನ್ನು ತೊಡಿಸಬೇಕೆಂದು ಯಾರಿಗೂ ಅನ್ನಿಸಿದಂತೆ ಕಾಣುವುದಿಲ್ಲ. ತಾಲ್ಲೂಕು ಪಟ್ಟಣಗಳಲ್ಲಿ ಬಸ್‌ನಿಲ್ದಾಣದ ಹಿಂದೆಯೋ ಹಳೆಯ ಸಿನಿಮಾ ಮಂದಿರದ ಮಹಡಿಯ ಮೇಲೆಯೋ ‘ರಿಕ್ರಿಯೇಷನ್ ಕ್ಲಬ್’ ಎಂದು ಕನ್ನಡ ಅಕ್ಷರಗಳಲ್ಲಿಯೇ ಬರೆದ ಹಲಗೆಯೊಂದು ತೂಗುತ್ತಿರುತ್ತದೆ. ಒಳಗೆ ಏನು ನಡೆಯುವುದೆಂದು ಕೇಳಿದರೆ ಬೀದಿಯಲ್ಲಿ ಗೋಲಿಯಾಡುವ ಹುಡುಗನೂ ಹೇಳಬಲ್ಲ: ಇಸ್ಪೀಟು. ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಹಣವಿಟ್ಟು ರಮ್ಮಿಯಾಡುತ್ತಿದ್ದವರನ್ನು ಪೊಲೀಸರು ಹಿಡಿದ ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೂ ಹೋಗಿ, ರಮ್ಮಿಯು ಬರಿಯ ಅದೃಷ್ಟದ ಆಟವಲ್ಲ, ಮುಖ್ಯವಾಗಿ ಕೌಶಲದ ಆಟವೆಂದು ೧೯೬೭ರಲ್ಲಿ ತೀರ್ಪಾಯಿತು. ರಮ್ಮಿಯ ಗತಿ ಹೀಗೆ ನಿಶ್ಚಯವಾಯಿತು. ಹಲಗೆಯ ಮೇಲಿದ್ದ ಇನ್ನೊಂದು ಮಾತಿನ ಗತಿಯನ್ನು ವಿಚಾರಿಸುವುದು ನ್ಯಾಯಮೂರ್ತಿಗಳ ಕೆಲಸವಾಗಿರಲಿಲ್ಲ. ಅದು ಭಾಷೆ ಓದುವವರ ಕೆಲಸ.

ಈ ಮಾತಿನ ತವರು ಲ್ಯಾಟಿನ್. ಆ ಭಾಷೆಯಲ್ಲಿ ‘ಕ್ರೆಯಾರೆ’ ಎಂದರೆ ಸೃಷ್ಟಿಸು, ಹುಟ್ಟಿಸು. ಮೊದಲಲ್ಲಿ ‘ರೆ’ ಎಂಬ ಉಪಸರ್ಗವು ಸೇರಿ ‘ರೆಕ್ರೆಯಾರೆ’ ಎಂದಾದರೆ ಮರಳಿ ಸೃಷ್ಟಿಸು, ಕಳೆದುಹೋದ ಚೈತನ್ಯವನ್ನು ಮರಳಿ ತುಂಬು ಎಂದು ಅರ್ಥ. ಕಾಯಿಲೆಯಿಂದ ಎದ್ದವರನ್ನೂ ಭಯದಿಂದ ಚೇತರಿಸಿಕೊಂಡವರನ್ನೂ ಕುರಿತು ಲ್ಯಾಟಿನ್ ಲೇಖಕರು ಈ ಕ್ರಿಯಾಪದವನ್ನು ಬಳಸುತ್ತಿದ್ದರು. ಆಟಪಾಟಗಳ ಸುಳಿವೇ ಅಲ್ಲಿಲ್ಲ. ಧಾತುವನ್ನು ಇನ್ನೂ ಸ್ವಲ್ಪ ಕೆದಕಿದರೆ ಬೆಳೆ, ಬೆಳೆಯಿಸು ಎಂಬ ಅರ್ಥವು ದೊರಕುತ್ತದೆ. ರೋಮನರ ಧಾನ್ಯದೇವತೆಯಾದ ಸೆರೆಸಳ ಹೆಸರು ಈ ಧಾತುವಿನದೇ. ಅವಳ ಹೆಸರಿನಿಂದ ಇಂಗ್ಲಿಷಿನಲ್ಲಿ ಧಾನ್ಯಕ್ಕೆ ‘ಸೀರಿಯಲ್’ ಎಂದಾಯಿತು. ಎಂದಮೇಲೆ ರಿಕ್ರಿಯೇಷನ್ನಿಗೂ ನಮ್ಮ ರಾಗಿಜೋಳಗಳಿಗೂ ದೂರದ ನಂಟುಂಟೆಂದು ಹೇಳಿದರೆ ತಪ್ಪಾಗಲಾರದು.

ಹಳೆಯ ಫ್ರೆಂಚಿನ ಮೂಲಕ ಈ ಮಾತು ಇಂಗ್ಲಿಷಿಗೆ ಬಂದದ್ದು ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ. ಆಗಲೂ ಅದರ ಮೊದಲ ಅರ್ಥ ಆಟವಲ್ಲ, ಊಟ. ದಣಿದವನು ತಿಂದು ಕುಡಿದು ಸುಧಾರಿಸಿಕೊಳ್ಳುವುದೇ ರಿಕ್ರಿಯೇಷನ್. ಅನಂತರ ಅದು ಊಟವಾದ ಮೇಲಿನ ಹೊತ್ತಿಗೂ ಹಬ್ಬಿತು. ಮೌನವನ್ನು ನಿಯಮವಾಗಿ ಪಾಲಿಸುವ ಕ್ರೈಸ್ತ ಮಠಗಳಲ್ಲಿ, ಸನ್ಯಾಸಿಗಳು ಪರಸ್ಪರ ಮಾತನಾಡಬಹುದಾದ ದಿನದ ಆ ಸ್ವಲ್ಪ ಹೊತ್ತಿಗೆ ರಿಕ್ರಿಯೇಷನ್ ಎಂದೇ ಹೆಸರು. ಫ್ರಾನ್ಸಿನ ಶಾಲೆಗಳಲ್ಲಿ ಎರಡು ಪಾಠಗಳ ನಡುವೆ ಗಂಟೆ ಹೊಡೆದು ಮಕ್ಕಳನ್ನು ಅಂಗಳಕ್ಕೆ ಬಿಡುವ ವೇಳೆಗೂ ಅದೇ ಹೆಸರು ಈಗಲೂ ಉಳಿದಿದೆ. ಇಲ್ಲೆಲ್ಲ ಒಂದು ಅಂಶವನ್ನು ಗಮನಿಸಬೇಕು. ಮೊದಲು ದಣಿವು, ಆಮೇಲೆ ರಿಕ್ರಿಯೇಷನ್. ದುಡಿಯದವನಿಗೆ, ಓದದವನಿಗೆ, ಮೌನವನ್ನು ಹೊತ್ತುಕೊಳ್ಳದವನಿಗೆ ಮರಳಿ ತುಂಬಿಕೊಳ್ಳುವುದಕ್ಕೆ ಏನೂ ಖಾಲಿಯಾಗಿರುವುದಿಲ್ಲ. ಹುಟ್ಟಿನಿಂದ ಇದು ದುಡಿಯುವವರ ಮಾತು.

ಇದರ ಜೊತೆಯಲ್ಲಿ ಓಡಾಡುವ ಇತರ ಇಂಗ್ಲಿಷ್ ಮಾತುಗಳ ಕುಲಗೋತ್ರ ಬೇರೆ. ‘ಡೈವರ್ಷನ್’ ಎಂದರೆ ದಾರಿಯಿಂದ ಬೇರೆ ಕಡೆಗೆ ತಿರುಗಿಸುವುದು. ‘ಸ್ಪೋರ್ಟ್’ ಎಂಬುದು ‘ಡಿಸ್‌ಪೋರ್ಟ್’ ಎಂಬುದರ ಬಾಲ. ಮನಸ್ಸನ್ನು ಬೇರೆಡೆಗೆ ಹೊತ್ತುಕೊಂಡು ಹೋಗುವುದೆಂದು ಅದರ ಅರ್ಥ. ‘ಅಮ್ಯೂಸ್’ ಎಂಬುದರ ಚರಿತ್ರೆಯಂತೂ ಅಷ್ಟು ಮರ್ಯಾದೆಯದಲ್ಲ. ಕಣ್ಣು ಕೀಲಿಸಿ ಬೆಪ್ಪಾಗಿ ನೋಡುವಂತೆ ಮಾಡುವುದು ಅದರ ಮೂಲಾರ್ಥವಾಗಿ, ಹದಿನೇಳು ಹದಿನೆಂಟನೆಯ ಶತಮಾನಗಳ ಇಂಗ್ಲಿಷಿನಲ್ಲಿ ಗಮನವನ್ನು ಸೆಳೆದು ಮೋಸಗೊಳಿಸುವುದೆಂಬ ಅರ್ಥವೇ ಅದಕ್ಕೆ ಪ್ರಧಾನವಾಗಿತ್ತು. ರಾತ್ರಿ ಹನ್ನೆರಡರವರೆಗೆ ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ, ಬೆಳಗ್ಗೆ ಮೊದಲಿಗಿಂತಲೂ ಬಳಲಿ ಏಳುವ ನಮ್ಮ ಹಾಸ್ಟೆಲಿನ ಮಿತ್ರರು ಮಾಡುತ್ತಿರುವುದು ಅಮ್ಯೂಸ್‌ಮೆಂಟೇ ಹೊರತು ರಿಕ್ರಿಯೇಷನ್ ಅಲ್ಲವೆಂದು ನಿಘಂಟಿನ ಬಲದಿಂದಲೇ ಹೇಳಬಹುದು. (ಹೀಗೆ ಹೇಳಿದರೆ ಅವರು ಮೊಬೈಲನ್ನು ಕೆಳಗಿಡುವರೆಂಬ ಭ್ರಮೆ ನನಗಿಲ್ಲ.)

ಚೇತರಿಕೆಯೆಂಬ ಅರ್ಥವು ಆಟಪಾಟವೆಂಬ ಅರ್ಥಕ್ಕೆ ಜಾರಿದ ಮೇಲೆ ಈ ಮಾತು ರಾಜಕೀಯಕ್ಕೂ ಇಳಿಯಿತು. ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ೧೬೧೮ರಲ್ಲಿ ಹೊರಡಿಸಿದ ಒಂದು ಘೋಷಣೆಯು ‘ಆಟಗಳ ಪುಸ್ತಕ’ ಎಂಬ ಹೆಸರಿನಿಂದ ಚರಿತ್ರೆಯಲ್ಲಿ ಉಳಿದಿದೆ. ಭಾನುವಾರ ದೇವರ ದಿನವಾದ್ದರಿಂದ ಆ ದಿನ ಯಾರೂ ಆಡಕೂಡದೆಂಬುದು ಪ್ಯೂರಿಟನ್ ಪಂಥದವರ ಹಠವಾಗಿತ್ತು. ಹಿಂದಿನ ವರ್ಷ ಲ್ಯಾಂಕಷೈರ್ ಪ್ರಾಂತದ ಮೂಲಕ ಹಾದುಬರುತ್ತಿದ್ದಾಗ ದೊರೆಗೆ ಅಲ್ಲಿಯ ಜನರಿಂದ ಈ ವಿಷಯವಾಗಿ ದೂರು ಬಂದಿತು. ಪೂಜೆ ಮುಗಿಸಿದ ಮೇಲೆ ಜನರು ಕುಣಿಯಬಹುದು, ಬಿಲ್ಲುಗಾರಿಕೆ ಮಾಡಬಹುದು, ನೆಗೆದಾಟ ಜಿಗಿದಾಟಗಳಲ್ಲಿ ತೊಡಗಬಹುದು, ಅವು ನ್ಯಾಯಸಮ್ಮತವಾದ ರಿಕ್ರಿಯೇಷನ್ ಎಂದು ಅವನು ಸಾರಿದನು. ವಾರದ ಉಳಿದ ದಿನಗಳೆಲ್ಲ ದುಡಿಮೆಯಲ್ಲಿಯೇ ಕಳೆಯುವ ಸಾಮಾನ್ಯ ಜನ ಭಾನುವಾರವೂ ಆಡಬಾರದೆಂದರೆ ಮತ್ತಾವಾಗ ಆಡಬೇಕು ಎಂಬುದು ಅವನು ಕೊಟ್ಟ ಕಾರಣಗಳಲ್ಲೊಂದು. ಕಾರಣವೇನೋ ಚೆನ್ನಾಗಿದೆ. ಆದರೆ ಜನರ ಮೈ ಗಟ್ಟಿಯಾಗಿದ್ದರೆ ಯುದ್ಧಕ್ಕೆ ಒದಗುತ್ತದೆಂಬ ಲೆಕ್ಕವೂ ಅದೇ ಘೋಷಣೆಯಲ್ಲಿತ್ತು. ಕರಡಿ ಗೂಳಿಗಳ ಮೇಲೆ ನಾಯಿಬಿಡುವ ಆಟಗಳನ್ನು ಭಾನುವಾರ ನಿಷೇಧಿಸಿದುದು ಸರಿ. ಚೆಂಡುರುಳಿಸುವ ಬೌಲಿಂಗ್ ಆಟವನ್ನು ಕೆಳವರ್ಗದವರಿಗೆ ಮಾತ್ರ ನಿಷೇಧಿಸಲಾಯಿತು! ೧೬೩೩ರಲ್ಲಿ ಜೇಮ್ಸನ ಮಗ ಚಾರ್ಲ್ಸ್ ದೊರೆ ಇದನ್ನು ಮತ್ತೆ ಪ್ರಕಟಿಸಿದನು. ಹತ್ತು ವರ್ಷಗಳ ಅನಂತರ, ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದಾಗ, ಪಾರ್ಲಿಮೆಂಟು ಆ ಪುಸ್ತಕವನ್ನು ಬಹಿರಂಗವಾಗಿ ಸುಡಿಸಿತು. ಬಡವನು ತನ್ನ ಒಂದು ದಿನದ ಮಧ್ಯಾಹ್ನವನ್ನು ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ಇಷ್ಟೆಲ್ಲ ನಡೆಯಿತು. ಆಡಬಹುದೆಂದವನೂ ಆಡಕೂಡದೆಂದವರೂ ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದರು: ಅಪ್ಪಣೆಯನ್ನು ಕೊಡತಕ್ಕವರು ತಾವು.

ಈ ಅಪ್ಪಣೆಯೆಂಬುದು ಬಿಡುವಿನ ಪದಗಳಲ್ಲೆಲ್ಲ ಹೊಕ್ಕುಕೊಂಡಿರುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಇಂಗ್ಲಿಷಿನ ‘ಲೀಷರ್’ ಎಂಬುದು ‘ಅನುಮತಿಯುಂಟು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ‘ಲೈಸೆನ್ಸ್’ ಅದರ ಒಡಹುಟ್ಟು. ‘ಲೀವ್’ ಎಂಬ ಅಚ್ಚ ಇಂಗ್ಲಿಷ್ ಮಾತಿನ ಮೂಲಾರ್ಥವೂ ಅಪ್ಪಣೆ. ಅದು ಇಂಗ್ಲಿಷರ ಸಮಾಚಾರವೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ನಾವು ದಿನಬೆಳಗಾದರೆ ಅರ್ಜಿ ಬರೆದು ಕೇಳುವ ‘ರಜೆ’ ಅರಬ್ಬಿಯ ‘ರಜಾ’ ಎಂಬುದರ ರೂಪ. ಒಪ್ಪಿಗೆ, ಸಮ್ಮತಿ ಎಂದು ಅದರ ಅರ್ಥ. ಪಾರಸಿ ಮರಾಠಿಗಳ ಕಚೇರಿಗಳನ್ನು ದಾಟಿ ನಮ್ಮ ಶಾಲೆಯ ಕರಿಹಲಗೆಗೆ ಬರುವಷ್ಟರಲ್ಲಿ, ಕೊಡುವವನ ಒಪ್ಪಿಗೆಯೇ ಪಡೆಯುವವನ ಬಿಡುವಾಗಿಹೋಯಿತು.

ಗ್ರೀಕರ ದಾರಿ ಇದಲ್ಲ. ಅವರಲ್ಲಿ ಬಿಡುವಿಗೆ ‘ಸ್ಖೊಲೆ’ ಎಂದು ಹೆಸರು. ಬಿಡುವಿನಲ್ಲಿ ಮಾಡುವ ಚರ್ಚೆ, ಚರ್ಚೆ ನಡೆಯುವ ಸ್ಥಳ ಎಂದು ಅರ್ಥವು ಬೆಳೆದು ಕೊನೆಗೆ ಅದೇ ‘ಸ್ಕೂಲ್’ ಆಯಿತು. ರೋಮನರಲ್ಲಿ ‘ಓಟಿಯಂ’ ಎಂದರೆ ವಿರಾಮ, ‘ನೆಗೋಟಿಯಂ’ ಎಂದರೆ ವಿರಾಮವಲ್ಲದ್ದು, ಅರ್ಥಾತ್ ವ್ಯವಹಾರ. ವಿರಾಮವೇ ಸ್ವಭಾವ, ಕೆಲಸವು ಅದರ ಅಭಾವ! ಆಟವಿನೋದಗಳು ದಣಿವಿಗೆ ಔಷಧ ಮಾತ್ರ, ವಿರಾಮವಾದರೋ ಬಾಳಿನ ಗುರಿ ಎಂದು ಅರಿಸ್ಟಾಟಲನು ಇವೆರಡನ್ನು ಬೇರ್ಪಡಿಸಿದನು. ಓದುವುದಕ್ಕೆ ಬಹಳ ಸೊಗಸಾದ ವಿಚಾರ. ಆದರೆ ಅಥೆನ್ಸಿನ ನಾಗರಿಕರು ತತ್ತ್ವಚರ್ಚೆ ಮಾಡುತ್ತಿದ್ದಾಗ ಅವರ ಹಿಟ್ಟು ಬೀಸುತ್ತಿದ್ದವರು, ಅವರ ಗಣಿ ತೋಡುತ್ತಿದ್ದವರು ಗುಲಾಮರು. ಆ ಗುಲಾಮರ ‘ಸ್ಖೊಲೆ’ ಎಲ್ಲಿತ್ತೆಂಬ ಪ್ರಶ್ನೆಯನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಎತ್ತುವುದಿಲ್ಲ.

ಇನ್ನು ನಮ್ಮ ಮಾತುಗಳನ್ನು ನೋಡೋಣ. ರಿಕ್ರಿಯೇಷನ್ ಎಂಬುದಕ್ಕೆ ಸಾಮಾನ್ಯವಾಗಿ ಮನರಂಜನೆ, ವಿನೋದ, ವಿಹಾರ ಎಂದು ಬರೆಯುತ್ತೇವೆ. ಮೂರೂ ಸಂಸ್ಕೃತದವು. ‘ವಿನೋದ’ವು ‘ನುದ್’ ಧಾತುವಿನಿಂದ ಬಂದುದು. ಬೇಸರವನ್ನು ದೂರಕ್ಕೆ ನೂಕುವುದೆಂದರ್ಥ. ಈ ಮಾತಿಗೆ ನಮ್ಮ ನಾಡಿನಲ್ಲಿ ಒಂದು ಭವ್ಯವಾದ ಚರಿತ್ರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಅವುಗಳಲ್ಲಿ ನಾಲ್ಕನೆಯದು ವಿನೋದಕ್ಕೆ, ಐದನೆಯದು ಕ್ರೀಡೆಗೆ ಮೀಸಲು. ಆನೆ, ಕುದುರೆ, ಮಲ್ಲಯುದ್ಧ, ಕೋಳಿಕಾಳಗ, ಮೀನು ಹಿಡಿಯುವುದು, ಗೀತ, ವಾದ್ಯ, ನೃತ್ಯ, ಕಥೆ ಎಂದು ವಿನೋದಗಳು ಸಾಗುತ್ತವೆ. ಉಯ್ಯಾಲೆ, ಮರಳು, ಬೆಳದಿಂಗಳು, ಒಗಟು, ಪಗಡೆ ಎಂದು ಕ್ರೀಡೆಗಳು. ಅವುಗಳ ನಡುವೆ ಪೈರಿನ ಹೊಲದಲ್ಲಿ ಆಡುವ ‘ಸಸ್ಯಕ್ರೀಡೆ’ ಎಂಬುದೊಂದಿದೆ. ಬಿಡುವಿನ ವಿಷಯಕ್ಕೆ ಒಂದು ಗ್ರಂಥದ ಐದರಲ್ಲಿ ಎರಡು ಪಾಲನ್ನು ಕೊಟ್ಟ ದೊರೆಯನ್ನು ಮೆಚ್ಚಬೇಕು. ಆದರೂ, ಅರಸನಿಗೆ ಕ್ರೀಡೆಯಾದ ಆ ಹೊಲದಲ್ಲಿ ಉತ್ತು ಬಿತ್ತಿ ಕಳೆ ಕಿತ್ತವರಿಗೆ ಅದು ಯಾವ ವಿಂಶತಿಗೆ ಸೇರಿದ್ದಿರಬಹುದು?

‘ಮನರಂಜನೆ’ಯ ವಿಷಯ ನನಗೆ ಸ್ವಲ್ಪ ಸ್ವಂತದ್ದು. ‘ರಂಜ್’ ಧಾತುವಿಗೆ ಬಣ್ಣ ಕಟ್ಟು, ಬಣ್ಣದಲ್ಲಿ ಅದ್ದು ಎಂದು ಅರ್ಥ. ರಾಗ, ರಕ್ತ, ರಂಗು ಎಲ್ಲವೂ ಆ ವಂಶದವು. ಮನಸ್ಸಿಗೆ ಬಣ್ಣ ಹಾಕುವುದೇ ಮನರಂಜನೆ. ಅದೇ ಧಾತುವಿನಿಂದ, ನಡುವಿನ ಅನುನಾಸಿಕವು ಲೋಪವಾಗಿ, ‘ರಜಕ’ ಎಂಬ ಮಾತು ಹುಟ್ಟಿದೆ. ಬಟ್ಟೆಗೆ ಬಣ್ಣ ಹಾಕುವವನು, ಬಟ್ಟೆ ಒಗೆಯುವವನು. ಪದಗಳ ಈ ಸಂಬಂಧವನ್ನು ಓದಿದ ದಿನ ನನಗೆ ನಗು ಬಂದಿತು. ಏಕೆಂದರೆ ನನ್ನ ತಂದೆ ಊರಿನ ಬಟ್ಟೆ ಒಗೆಯುವವರು. ಯುಗಾದಿ ದೀಪಾವಳಿಗಳ ಹಿಂದಿನ ವಾರ ನಮ್ಮ ಮನೆಯಲ್ಲಿ ಗಂಟುಗಳ ನಡುವೆ ಮಲಗುವುದಕ್ಕೆ ಜಾಗವಿರುವುದಿಲ್ಲ. ಊರಿಗೆಲ್ಲ ಹಬ್ಬ ಬರುತ್ತಿದೆಯೆಂದರೆ ನಮಗೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವ ಕೆಲಸ ಬರುತ್ತಿದೆಯೆಂದು ಅರ್ಥ. ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲು. ಇಲ್ಲಿ ಸೇರುವಾಗ ಅರ್ಜಿಯಲ್ಲಿ ‘ಬಿಡುವಿನ ವೇಳೆಯ ಹವ್ಯಾಸ’ ಎಂಬ ಕಲಮಿತ್ತು. ತಂದೆಯವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಬಿಡುವಿದ್ದವರು ಬರೆದುಕೊಳ್ಳಲಿ, ನೀನು ಗೀಟು ಎಳೆ” ಎಂದರು. ಗೀಟು ಎಳೆದೆ.

ಸಂಸ್ಕೃತವನ್ನು ಬಿಟ್ಟು ಅಚ್ಚಗನ್ನಡಕ್ಕೆ ಬಂದರೆ ‘ಆಡು’ ಎಂಬ ಧಾತುವಿನ ವಿಸ್ತಾರವು ಬೆರಗುಗೊಳಿಸುವಂಥದು. ಮಕ್ಕಳು ಆಡುತ್ತಾರೆ, ಮರದ ಕೊಂಬೆ ಆಡುತ್ತದೆ, ನಾವು ಮಾತನ್ನೂ ಆಡುತ್ತೇವೆ. ತಿರುಗಾಡುತ್ತೇವೆ, ಈಜಾಡುತ್ತೇವೆ, ದೇವರನ್ನು ಕೊಂಡಾಡುತ್ತೇವೆ, ನೆರೆಯವರೊಡನೆ ಜಗಳವಾಡುತ್ತೇವೆ, ಫೀಸಿಗಾಗಿ ಪರದಾಡುತ್ತೇವೆ, ಪರೀಕ್ಷೆಯ ಹಿಂದಿನ ರಾತ್ರಿ ಒದ್ದಾಡುತ್ತೇವೆ. ಉಸಿರಾಡುವುದು ಕೂಡ ಆಟವೇ. ಕೆಲಸಕ್ಕೆ ಎದುರಾಗಿ ಆಟವನ್ನು ನಿಲ್ಲಿಸಿದ ಭಾಷೆಯಲ್ಲ ಇದು; ಎಲ್ಲಿ ಚಲನೆಯುಂಟೋ ಅಲ್ಲೆಲ್ಲ ಕನ್ನಡಿಗನು ಆಟವನ್ನು ಕಂಡನು. ಬಯಲಾಟ, ದೊಡ್ಡಾಟ, ಸಣ್ಣಾಟಗಳೆಂದು ನಾಟಕಕ್ಕೂ ಅದೇ ಹೆಸರು. ಕರಾವಳಿಯಲ್ಲಿ ‘ಆಟಕ್ಕೆ ಹೋಗೋಣ’ ಎಂದರೆ ಯಕ್ಷಗಾನಕ್ಕೆ ಹೋಗೋಣವೆಂದೇ ಅರ್ಥ. ಬೀಸುವ ಕಲ್ಲಿನ ಪದ, ಕುಟ್ಟುವ ಪದಗಳಂತೂ ಕೆಲಸದ ಒಳಗೇ ಹುಟ್ಟಿದ ಹಾಡುಗಳು. ಅವನ್ನು ವಿರಾಮದಲ್ಲಿ ಯಾರೂ ಹಾಡಿದವರಲ್ಲ. ಹಿಟ್ಟಿನ ಗಿರಣಿ ಬಂದು ಬೀಸುವ ಶ್ರಮ ತಪ್ಪಿದ ಮೇಲೆ ಆ ಪದಗಳು ಮನೆಯಿಂದ ಜಾನಪದ ಸಂಗ್ರಹಕ್ಕೆ ಹೋದವು. ಶ್ರಮ ತಪ್ಪಿದುದಕ್ಕೆ ನಾನು ಕಣ್ಣೀರಿಡಲಾರೆ. ಹಾಡು ಹೋದುದೂ ನಷ್ಟವೇ.

ಆದರೆ ರಿಕ್ರಿಯೇಷನ್ನಿನ ಮೂಲಾರ್ಥಕ್ಕೆ ಸರಿಹೊಂದುವ ಕನ್ನಡ ಮಾತು ‘ಆಟ’ವೂ ಅಲ್ಲ, ‘ದಣಿವಾರಿಸಿಕೊಳ್ಳುವುದು’ ಎಂಬುದು. ಇದು ನಿಘಂಟನ್ನು ಹುಡುಕಿ ತೆಗೆದುದಲ್ಲ, ಬಿಸಿಲಿನಲ್ಲಿ ಬಂದವರಿಗೆ ಜಗಲಿ ತೋರಿಸಿ ಹಳ್ಳಿಯಲ್ಲಿ ಯಾರು ಬೇಕಾದರೂ ಹೇಳುವ ಮಾತು. ಇದರಲ್ಲಿಯ ‘ಆರು’ ಎಂಬ ಕ್ರಿಯಾಪದವನ್ನು ಗಮನಿಸಿ. ಕಾಯಿಸಿದ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಗಾಯವೂ ಆರುತ್ತದೆ. ತಂಪಾಗುವುದು, ಒಣಗುವುದು, ವಾಸಿಯಾಗುವುದು ಮೂರನ್ನೂ ಈ ಒಂದೇ ಮಾತು ಹೇಳುತ್ತದೆ. ಕಾಯಿಲೆಯಿಂದ ಎದ್ದವನ ಚೇತರಿಕೆಯನ್ನು ಲ್ಯಾಟಿನ್ನಿನವರು ಎರಡು ಸಾವಿರ ವರ್ಷಗಳ ಹಿಂದೆ ಯಾವ ಮಾತಿನಲ್ಲಿ ಹೇಳಿದರೋ ಅದಕ್ಕೆ ಇದಕ್ಕಿಂತ ಹತ್ತಿರದ ಕನ್ನಡವನ್ನು ನಾನು ಕಾಣೆ. ಜೊತೆಗೆ ‘ಬಿಡುವು’ ಎಂಬುದೂ ಉಂಟು. ಅದು ‘ಬಿಡು’ ಎಂಬುದರಿಂದ ಬಂದುದು. ನೊಗದಿಂದ ಎತ್ತುಗಳನ್ನು ಬಿಡುವ ದೃಶ್ಯವನ್ನು ಅದು ನನ್ನ ಕಣ್ಣಿಗೆ ತರುತ್ತದೆ.

ಎತ್ತಿನ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಮವಾರ ಬಸವನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಯಾವ ಸರಕಾರದ ಕಾಯಿದೆಯೂ ಇಲ್ಲದೆ ಎತ್ತಿಗೆ ವಾರಕ್ಕೊಂದು ದಿನ ಬಿಡುವು ದೊರಕಿತ್ತು. ಮನುಷ್ಯನಿಗೆ ಅದು ಅಷ್ಟು ಸುಲಭವಾಗಿ ಸಿಕ್ಕಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೆಲಸಗಾರರಿಗೆ ವಾರದ ರಜೆಯೆಂಬುದೇ ಇಲ್ಲದಿದ್ದ ಕಾಲದಲ್ಲಿ, ಜ್ಯೋತಿರಾವ್ ಫುಲೆಯವರ ಒಡನಾಡಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಭಾನುವಾರವು ಖಂಡೋಬನ ವಾರವೆಂಬುದೂ ಅವರು ಮುಂದಿಟ್ಟ ಕಾರಣಗಳಲ್ಲೊಂದು. ಈ ಖಂಡೋಬನೇ ನಮ್ಮ ಮೈಲಾರಲಿಂಗ. ೧೮೯೦ರಲ್ಲಿ ಗಿರಣಿಯ ಮಾಲೀಕರು ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆಗೆ ಸ್ಥಾನ ದೊರಕಿತು. ನಾವಿಂದು ಭಾನುವಾರ ಹೊತ್ತೇರುವವರೆಗೆ ಮಲಗುವಾಗ ಆ ಹೆಸರನ್ನು ನೆನೆಯುವವರು ಎಷ್ಟು ಮಂದಿ?

ವಿಶ್ವಸಂಸ್ಥೆಯ ೧೯೪೮ರ ಮಾನವ ಹಕ್ಕುಗಳ ಘೋಷಣೆಯ ೨೪ನೆಯ ಅನುಚ್ಛೇದವು ವಿಶ್ರಾಂತಿಯನ್ನೂ ವಿರಾಮವನ್ನೂ ಪ್ರತಿಯೊಬ್ಬರ ಹಕ್ಕೆಂದು ಕರೆಯಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೪೩ನೆಯ ವಿಧಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೃಷಿ, ಕೈಗಾರಿಕೆ ಅಥವಾ ಇತರ ಯಾವ ಕೆಲಸದವರೇ ಆಗಲಿ, ಅವರೆಲ್ಲರಿಗೂ ವಿರಾಮವನ್ನು ಪೂರ್ಣವಾಗಿ ಅನುಭವಿಸುವ ಸ್ಥಿತಿಗತಿಗಳನ್ನು ಒದಗಿಸಲು ರಾಜ್ಯವು ಯತ್ನಿಸಬೇಕೆಂದು ಹೇಳುತ್ತದೆ. ಇದು ನಿರ್ದೇಶಕ ತತ್ತ್ವ; ಇದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಆದರೂ ರಾಜನ ಅಪ್ಪಣೆ, ಧಣಿಯ ರಜೆ ಎಂಬ ಹಳೆಯ ಅರ್ಥಗಳಿಂದ ಈ ವಿಧಿಯು ಎಷ್ಟು ದೂರ ಬಂದಿದೆಯೆಂಬುದನ್ನು ರಾಜ್ಯಶಾಸ್ತ್ರದ ತರಗತಿಯಲ್ಲಿ ಇನ್ನಷ್ಟು ವಿವರವಾಗಿ ಹೇಳಬಹುದೆಂದು ನನ್ನ ವಿನಂತಿ.

ಇಷ್ಟೆಲ್ಲ ಕಾಯಿದೆಗಳ ಹೊರಗೆ ಉಳಿದ ಒಂದು ದುಡಿಮೆಯಿದೆ. ಕೇಂದ್ರ ಸರಕಾರದ ಅಂಕಿಅಂಶ ಕಚೇರಿಯು ೨೦೧೯ರಲ್ಲಿ ಜನರು ಇಪ್ಪತ್ನಾಲ್ಕು ಗಂಟೆಗಳನ್ನು ಹೇಗೆ ಕಳೆಯುವರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ಕೊಟ್ಟರೆ, ಆ ಕೆಲಸ ಮಾಡುವ ಗಂಡಸರು ಕೊಟ್ಟದ್ದು ೯೭ ನಿಮಿಷ. ಅಂಥ ಗಂಡಸರ ಸಂಖ್ಯೆಯೂ ಕಡಮೆ. ಎತ್ತಿಗೆ ಸೋಮವಾರ, ಗಿರಣಿಯವನಿಗೆ ಭಾನುವಾರ. ನನ್ನ ತಾಯಿಗೆ ಯಾವ ವಾರವೆಂದು ಪಂಚಾಂಗದಲ್ಲಿ ಬರೆದಿಲ್ಲ. ಸಂಜೆ ಹೊಳೆಯ ಕಲ್ಲಿನ ಮೇಲೆ ಬಟ್ಟೆಯೆಲ್ಲ ಹರವಿ ಆದ ಮೇಲೆ, ಅವು ಆರುವವರೆಗೆ ನಾಲ್ಕು ಜನ ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕುಳಿತು ಊರ ಸುದ್ದಿಯಾಡುತ್ತಾರೆ. ಬಟ್ಟೆಯ ಜೊತೆಗೆ ದಣಿವೂ ಆರುವ ಹೊತ್ತು ಅದು. ಅದಕ್ಕೆ ಹಲಗೆ ತೂಗುಹಾಕಿದ ಕ್ಲಬ್ಬಿನ ಅವಶ್ಯಕತೆಯಿಲ್ಲ, ನಿಜ. ಬೇಸಗೆಯ ಬಿಸಿಲಿನಲ್ಲಿ ಬಟ್ಟೆ ಬೇಗ ಆರುತ್ತದೆಂಬುದೊಂದೇ ತೊಂದರೆ.

ನಮ್ಮ ಕಾಲೇಜಿನ ವಿಷಯವಾಗಿಯೂ ಒಂದು ಮಾತು. ನಾವೆಲ್ಲರೂ ವರ್ಷದ ಆರಂಭದಲ್ಲಿ ಆಟದ ಶುಲ್ಕವನ್ನು ಸಮನಾಗಿ ಕಟ್ಟುತ್ತೇವೆ. ವೇಳಾಪಟ್ಟಿಯಲ್ಲಿ ಆಟದ ಹೊತ್ತು ಸಂಜೆ ನಾಲ್ಕರ ಮೇಲೆ. ಹಳ್ಳಿಗಳ ಕಡೆಗೆ ಹೋಗುವ ಬಸ್ಸು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊರಡುತ್ತದೆ, ಅದು ತಪ್ಪಿದರೆ ಮುಂದಿನದು ಆರೂವರೆಗೆ. ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಆ ಮೊದಲ ಬಸ್ಸಿನವರು. ಮೈದಾನದಲ್ಲಿ ಅವರನ್ನು ಮೂರು ವರ್ಷಗಳಲ್ಲಿ ನಾನು ಕಂಡದ್ದು ವಾರ್ಷಿಕ ಕ್ರೀಡಾದಿನದಂದು ಮಾತ್ರ. ವಾರದಲ್ಲಿ ಎರಡು ದಿನವಾದರೂ ಆಟದ ಹೊತ್ತನ್ನು ಮಧ್ಯಾಹ್ನ ಎರಡರಿಂದ ಮೂರಕ್ಕೆ ತಂದು, ಆ ಗಂಟೆಯ ಪಾಠವನ್ನು ಬೆಳಗ್ಗೆ ಅರ್ಧ ಗಂಟೆ ಮುಂಚಿತವಾಗಿ ಆರಂಭಿಸಿ ಸರಿದೂಗಿಸಬಹುದು. ಬೆಳಗಿನ ಬಸ್ಸು ಹೇಗೂ ಒಂಬತ್ತಕ್ಕೇ ಬಂದು ನಿಲ್ಲುತ್ತದೆ.